ಸತ್ತ ಮೇಲಿನ ಹಾಡು

ನೀಲಾ ಸತ್ತು ಅರ್ಧ ನಿಮಿಷವೂ ಆಗಿರಲಿಲ್ಲ, ತಗಡಿನ ಥೇಟರಿನ ಹಿಂದಿನ ಸಾಲಿನಿಂದ ಕೂಗು ಎದ್ದಿತು: "ಒನ್ಸ್ ಮೋರ್!"

ಗಜೇಂದ್ರಗಡದಲ್ಲಿ ಬೀಡುಬಿಟ್ಟಿದ್ದ ನಾಟಕ ಕಂಪನಿಯ ಸಂಜೆಯ ಆಟ. ಪರದೆ ಎಳೆಯುವ ಕಲ್ಲೇಶನ ಎಂಟು ವರ್ಷದ ಮಗಳು ನೀಲಾ ಹಾವು ಕಚ್ಚಿದ ಹುಡುಗನ ಪಾತ್ರದಲ್ಲಿದ್ದಳು. ತಾಯಿ ಪಾತ್ರದ ಶೇಖವ್ವನ ತೊಡೆಯ ಮೇಲೆ ಕೊನೆಯ ಹಾಡು ಹಾಡಿ ಈಗಷ್ಟೇ ಕಣ್ಣು ಮುಚ್ಚಿದ್ದಳು. ಜನ ಕೇಳಿದರೆ ಹೆಣವೂ ಎದ್ದು ಹಾಡಬೇಕು ಎಂಬುದು ಕಂಪನಿಯ ಕಟ್ಟಳೆ. ನೀಲಾ ಎದ್ದು ಮೊದಲ ಸಾಲಿನಿಂದ ಹಾಡಿದಳು.

ಆದರೆ ಮೊದಲಿನಂತೆ ಹಾಡಲಿಲ್ಲ. 'ಅವ್ವಾ' ಎನ್ನುವಲ್ಲಿ ಏರಬೇಕಿದ್ದ ದನಿ ಕೆಳಗಿಳಿಯಿತು. ತಾಳಕ್ಕಿಂತ ಕೂದಲೆಳೆಯಷ್ಟು ಹಿಂದೆ ಉಳಿದು, ತಾಳ ದಾಟಿ ಹೋಯಿತು ಎನ್ನುವಾಗ ಓಡಿಬಂದು ಅದರ ಕೈ ಹಿಡಿಯಿತು. ಹಾರ್ಮೋನಿಯಂ ಪೇಟಿ ನುಡಿಸುತ್ತಿದ್ದ ಕಂಪನಿಯ ಮಾಲೀಕ ಪ್ರಭುಲಿಂಗಪ್ಪನ ಬೆರಳುಗಳು ತಡವರಿಸಿದವು. ನೀಲಾ ಸತ್ತಳು. ಮತ್ತೆ ಕೂಗು. ಈ ಸಲ ಹಾಡು ಇನ್ನೊಂದೇ ದಾರಿ ಹಿಡಿಯಿತು. ಪ್ರಭುಲಿಂಗಪ್ಪ ಪೇಟಿಯ ಮೇಲಿಂದ ಕೈ ಎತ್ತಿಬಿಟ್ಟ. ಕೂಸು ಒಂಟಿಯಾಗಿಯೇ ಹಾಡಿ ಸತ್ತಿತು. ಆಮೇಲೆ ಯಾರೂ ಕೂಗಲಿಲ್ಲ. ಹೆಂಗಸರ ಬದಿಯಿಂದ ಮೂಗು ಎಳೆಯುವ ಸದ್ದಷ್ಟೇ ಬಂತು.

ಪರದೆ ಬಿದ್ದ ಕೂಡಲೇ ಪ್ರಭುಲಿಂಗಪ್ಪ ಒಳಗೆ ನುಗ್ಗಿದ. "ಕಲ್ಲೇಶಾ, ನಾಳೆ ಮಗಳನ್ನ ನಿಮ್ಮೂರು ಲಕ್ಕಲಕಟ್ಟಿಗೆ ಬಿಟ್ಟು ಬಾ. ಈ ಪಾತ್ರ ಬ್ಯಾರೆ ಹುಡುಗರು ಮಾಡ್ತಾರ. ಒಮ್ಮೆ ಸರಿ ಹಾಡಿ ಎರಡು ಸಲ ಕೆಡಿಸಿದಳು. ಅಷ್ಟು ಮಂದಿ ಮುಂದ ನನ್ನ ಪೇಟಿ ಮಾನ ಏನಾತು?"

ಕಲ್ಲೇಶ ಪರದೆಯ ಹಗ್ಗ ಹಿಡಿದುಕೊಂಡೇ ತಲೆ ತಗ್ಗಿಸಿದ. ನೀಲಾ ತಗ್ಗಿಸಲಿಲ್ಲ.

"ತಪ್ಪಿಲ್ರಿ, ಮಾಸ್ತರ. ಒಮ್ಮೆ ಸತ್ತು ಬಂದ ಹುಡುಗ ಮೊದಲಿನಂಗ ಹ್ಯಾಂಗ ಹಾಡ್ತಾನ್ರಿ?"

"ಕೇಳ್ರೆಪಾ! ಈಕಿ ನನಗ ಸಾಯೂದು ಕಲಸಾಕ ನಿಂತಾಳ."

ಶೇಖವ್ವ ಇನ್ನೂ ರಂಗದ ಮೇಲೆಯೇ ಕುಳಿತಿದ್ದಳು. "ಮಾಸ್ತರ, ಒನ್ಸ್ ಮೋರ್ ಬಂದಾಗೆಲ್ಲ ನಾ ಕಣ್ಣಿಗೆ ಗ್ಲಿಸರಿನ್ ಹಚ್ಚಿಕೊಂಡ ಅಳಾಕಿ, ನಿಮಗ ಗೊತ್ತೈತಿ. ಇವತ್ತ ಹಚ್ಚಿಲ್ಲ ನೋಡ್ರಿ." ಅವಳು ಬಣ್ಣ ಕರಗಿದ ಕೆನ್ನೆ ತೋರಿಸಿದಳು. "ನನ್ನ ತೊಡಿ ಮ್ಯಾಗ ಇವತ್ತ ಮೂರು ಕೂಸು ಸತ್ತವು."

ಪ್ರಭುಲಿಂಗಪ್ಪ ಹೊರಟ. ಬಾಗಿಲ ಬಳಿ ಹೋದವನು ತಿರುಗಿ ನಿಂತ. "ಏ ಹುಡುಗಿ, ನಾಳಿಂದ ಹಾಡಿನ ದಾರಿ ಬಿಡೂಕಿಂತ ಮೊದಲ ನನ್ನ ಕಡೆ ಒಂದು ಕಣ್ಣು ಹಾಯಿಸು. ನಾನೂ ಬೆನ್ನು ಹತ್ತತೀನಿ."

ನೀಲಾ ಬೆಳೆದಳು. ಮಕ್ಕಳ ಪಾತ್ರಗಳು ಮುಗಿದವು, ಕಂಪನಿಯೂ ಮುಚ್ಚಿತು. ಮುಂಬೈಗೆ ಹೋಗಿ ಧಾರಾವಾಹಿ, ಸಿನಿಮಾಗಳಲ್ಲಿ ನಟಿಸಿದಳು. ಅಲ್ಲಿ ಯಾರೋ ಹಾಡುಹಾಡುತ್ತಲೇ ದಾರಿ ಬದಲಿಸುವ ಅಮೆರಿಕದ ಜಾಝ್ ಸಂಗೀತ ಕೇಳಿಸಿದಾಗ, ಕಳೆದುಹೋದ ನೆಂಟರು ಸಿಕ್ಕ ಹಾಗೆ ನಕ್ಕಳಂತೆ. ಈಗ ಅದನ್ನು ಹಾಡುತ್ತಾ ಊರೂರು ಸುತ್ತುತ್ತಾಳೆ. ಈ ವರ್ಷ ಗಜೇಂದ್ರಗಡದ ಗುಡ್ಡದ ಮೇಲೆ, ಗಾಳಿಯಂತ್ರಗಳ ಕೆಳಗೆ ಅವಳ ಸಿನಿಮಾದ ಚಿತ್ರೀಕರಣ ನಡೆಯಿತು. ಬಿಡುವಿದ್ದ ಒಂದು ಸಂಜೆ, ಪಿಯಾನೊ ನುಡಿಸುವ ಗೆಳೆಯನ ಜೊತೆ ಊರ ಕಲ್ಯಾಣ ಮಂಟಪದಲ್ಲಿ ಹಾಡಲು ಒಪ್ಪಿದಳು. ಮುಂದಿನ ಸಾಲಿನಲ್ಲಿ ಕೋಲು ಹಿಡಿದ ಪ್ರಭುಲಿಂಗಪ್ಪ, ಪಕ್ಕದಲ್ಲಿ ಮಡಿಲ ತುಂಬ ಕೈಚೀಲ ಇಟ್ಟುಕೊಂಡ ಶೇಖವ್ವ.

"ಜಾಝ್ ಅಂದ್ರ ಏನ್ರಿ, ಮಾಸ್ತರ?" ಶೇಖವ್ವ ಕೇಳಿದಳು.

"ನಮ್ಮ ನೀಲಾನ ತಪ್ಪಿಗೆ ಆ ಕಡೆ ಮಂದಿ ಇಟ್ಟ ಹೆಸರು."

ನೀಲಾ ಹಾಡಿದ್ದು ಆ ಹಳೆಯ ಹಾಡನ್ನೇ. ದಾರಿ ಬಿಡುವ ಮುನ್ನ ಪಿಯಾನೊ ಕಡೆ ಕಣ್ಣು ಹಾಯಿಸಿದಳು. ಗೆಳೆಯ ನಗುತ್ತ ಬೆನ್ನು ಹತ್ತಿದ. ಪ್ರಭುಲಿಂಗಪ್ಪನ ಬೆರಳುಗಳು ಮೊಣಕಾಲ ಮೇಲೆ ಒಂದೆರಡು ಸಾಲು ಅವಳನ್ನು ಹಿಂಬಾಲಿಸಿದವು. ಮುಂದಿನ ತಿರುವಿನಲ್ಲಿ ಹಾಡು ಅವನ ಕೈ ಮೀರಿ ಹೋಯಿತು. ಬೆರಳು ಗಾಳಿಯಲ್ಲೇ ನಿಂತವು, ಬಾಯಿ ತೆರೆದೇ ಉಳಿಯಿತು. ಹಾಡು ಎಲ್ಲಿ ಮುಗಿಯಿತು, ಮೌನ ಎಲ್ಲಿ ಶುರುವಾಯಿತು, ಮಂಟಪದಲ್ಲಿ ಯಾರಿಗೂ ತಿಳಿಯಲಿಲ್ಲ. ನೀಲಾ ಕಣ್ಣು ಮುಚ್ಚಿ ನಿಂತಿದ್ದಳು.

ಹಿಂದಿನಿಂದ ಯಾರೋ ಕೂಗಿದರು: "ಒನ್ಸ್ ಮೋರ್!"

ಶೇಖವ್ವ ಕೈಚೀಲ ತೆಗೆದು ಕೆಳಗಿಟ್ಟಳು, ಸೀರೆಯ ಸುಕ್ಕು ಸವರಿ ತೊಡೆ ತೆರವು ಮಾಡಿಕೊಂಡು ಕುಳಿತಳು.