ನೀರುಮಟ್ಟ

1994ನೇ ಇಸವಿ ಆಗಸ್ಟ್ 12, ಶುಕ್ರವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ರಾಮಚಂದ್ರಪ್ಪ ನೀರು ನಿಲ್ಲುವುದನ್ನೇ ಕಾಯುತ್ತಿದ್ದ. ಗಾರೆಯವರು ಮಟ್ಟ ನೋಡುವ, ನೀರು ತುಂಬಿದ ಪ್ಲಾಸ್ಟಿಕ್ ಟ್ಯೂಬು ಅದು. ಎರಡೂ ತುದಿಗೆ ಸ್ಟೀಲ್ ಸ್ಕೇಲು ಕಟ್ಟಿದ್ದ. ಕಾರಿನ ಮುಂಭಾಗದ ಎಡ ಸ್ಪ್ರಿಂಗಿನ ನೆತ್ತಿಗೆ ಒಂದು ತುದಿ, ಬಲದ್ದಕ್ಕೆ ಇನ್ನೊಂದು. ನೀರು ಓಲಾಡಿ ನಿಂತಿತು. ಎಡಗಡೆ ಹನ್ನೆರಡು ಮಿಲಿಮೀಟರ್ ಎತ್ತರ.

ನಿನ್ನೆಯೂ ಹನ್ನೆರಡು. ಮೊನ್ನೆಯೂ ಹನ್ನೆರಡು. ಎರಡು ಬೆಳಗೂ ತನ್ನ ಕೈಯಾರೆ ಸಮ ಮಾಡಿದ್ದ.

ಓಮಲೂರಿನ ಕೃಷ್ಣಪ್ರಸಾದರ ಮಾರುತಿ ಅದು. ವಾರವೆಲ್ಲ ರಸ್ತೆಯಲ್ಲಿ ಓಡಬೇಕು, ಈ ಭಾನುವಾರ ಮದ್ರಾಸಿನ ರೇಸಿನಲ್ಲಿ. ಅಂಥ ಶಾಕ್ ಅಬ್ಸಾರ್ಬರ್ ಕೊಂಡು ತರುವಂಥದ್ದಲ್ಲ. ರಾಮಚಂದ್ರಪ್ಪ ಲೆಕ್ಕ ಹಾಕಿದ್ದ. ಅವನ ಹೆಂಡತಿಯ ತಮ್ಮ ಮಹದೇವ ಲೇತಿನಲ್ಲಿ ಉಕ್ಕಿನ ಕೊಳವೆ ಕಡೆದು, ಥ್ರೆಡ್ ಹಾಕಿ, ಶಾಕ್ ಅಬ್ಸಾರ್ಬರಿಗೆ ತೊಡಿಸಿದ್ದ. ಕೊಳವೆಗೆ ಒಂದು ರಿಂಗ್ ನಟ್, ಅದರ ಮೇಲೆ ಸ್ಪ್ರಿಂಗು. ನಟ್ಟನ್ನು ಮೇಲಕ್ಕೆ ತಿರುಗಿಸಿದರೆ ಕಾರಿನ ಆ ಮೂಲೆ ಏಳುತ್ತದೆ, ಕೆಳಕ್ಕೆ ತಿರುಗಿಸಿದರೆ ಇಳಿಯುತ್ತದೆ. ಎಡಬಲ ಸಮವಿಲ್ಲದ ಕಾರು ಬ್ರೇಕು ಒತ್ತಿದಾಗ ಒಂದು ಕಡೆಗೆ ಎಳೆಯುತ್ತದೆ. ನೂರಿಪ್ಪತ್ತರ ವೇಗದಲ್ಲಿ ಎಳೆದರೆ ಕೃಷ್ಣಪ್ರಸಾದರ ಮನೆಗೆ ಹೆಣ ಬರುತ್ತದೆ.

ಶೆಡ್ಡು ಮೊದಲು ಅಪ್ಪನ ಕುರಿಕೊಟ್ಟಿಗೆ. ಸಿಮೆಂಟು ನೆಲ ಅಪ್ಪನೇ ಹಾಕಿದ್ದು. ದಕ್ಷಿಣದ ಗೋಡೆಯ ಬುಡದಲ್ಲಿದ್ದ ಗಂಜಲದ ಕಿಂಡಿಗೆ ರಾಮಚಂದ್ರಪ್ಪ ಇಟ್ಟಿಗೆ ತುರುಕಿದ್ದರೂ ಮಳೆ ಬಂದರೆ ಕುರಿವಾಸನೆ ಏಳುತ್ತಿತ್ತು. ಬೆಳಗಿನ ಕೆಲಸ ಅವನದು. ಬಾಗಿಲ ಬೆಳಕು ಮುಂಭಾಗಕ್ಕೆ ಬೀಳಲೆಂದು ಕಾರನ್ನು ಹೊರಗೆ ತಂದು, ತಿರುಗಿಸಿ, ಹಿಮ್ಮುಖವಾಗಿ ಒಳಗೆ ನಿಲ್ಲಿಸುತ್ತಿದ್ದ. ಸಂಜೆಯ ಕೆಲಸ ಮಹದೇವನದು. ಲೇತು ಒಳಗೋಡೆಯ ಬಳಿ ಇದ್ದುದರಿಂದ ಅವನು ನೇರ ಮೂತಿ ಮುಂದಾಗಿ ನುಗ್ಗಿಸುತ್ತಿದ್ದ.

ಕೇಡು ನಡೆಯುತ್ತಿದ್ದುದು ಸಂಜೆಯೇ. ಕಾರಣವೂ ಇತ್ತು. ಮಹದೇವ ತಾರಮಂಗಲದಲ್ಲಿ ಸ್ವಂತ ಅಂಗಡಿಗೆ ಜಾಗ ನೋಡಿದ್ದ. ಹೋಗುವ ಮುಂಚೆ ಭಾವನ ಹೆಸರಿಗೆ ಮಸಿ ಬಳಿಯಬೇಕಿತ್ತು, ಅಷ್ಟೇ.

ಎಂಟಕ್ಕೆ ಮಹದೇವ ಬಂದ.

"ನಟ್ ಮುಟ್ಟಿದ್ದೀಯಾ?"

"ಮುಟ್ಟಿವ್ನಿ ಭಾವ. ಸಂಜೆ ನೋಡ್ವಾಗ ಎಡಗಡೆ ತಗ್ಗಿತ್ತು, ಏರಿಸ್ದೆ. ನಾನು ಏರಿಸೋದು, ನೀವು ಇಳಿಸೋದು. ಏತ ಆಡ್ದಂಗೆ ಆಯ್ತು."

"ನಾನು ಬಿ.ಎಸ್ಸಿ. ಓದಿರೋನು ಕಣ್ಲಾ. ಮಟ್ಟ ನೋಡೋದ ನಿನ್ನತ್ರ ಕಲೀಬೇಕಾ?"

"ಬ್ಯಾಡ. ನಾನು ಎಂಟನೇ ಕ್ಲಾಸು. ನೀರು ಎಲ್ಲಿ ನಿಂತ್ರೆ ಅಲ್ಲೈತೆ ಮಟ್ಟ ಅಂತೀನಿ."

"ತಾರಮಂಗಲದಾಗೆ ಜಾಗ ನೋಡಿದ್ದೀಯಂತೆ."

ಮಹದೇವ ತಲೆ ಎತ್ತಿದ. "ನೋಡಿವ್ನಿ. ಅದ್ಕೂ ಇದ್ಕೂ ಏನು?"

"ಕರ್ಪೂರ ಆರಿಸ್ತೀಯಾ?"

ಕಾಫಿ ಹಿಡಿದು ಬಂದ ಶಶಿಕಲಾ ಬಾಗಿಲಲ್ಲೇ ನಿಂತಳು. ಕುಲದೊಳಗೆ ಕಳ್ಳನೆಂದು ಅನುಮಾನ ಬಂದವನಿಗೆ ಆಣೆಯಿಡಲು ಕೇಳುವ ಮಾತು ಅದು. ಗಂಡ ಅದನ್ನು ಅವಳ ತಮ್ಮನಿಗೆ ಕೇಳಿದ್ದ. ಮಹದೇವ ಗೂಡಿನಲ್ಲಿದ್ದ ಮಾದಪ್ಪನ ಪಟದ ಮುಂದೆ ಕರ್ಪೂರ ಹಚ್ಚಿದ. ಉರಿಯ ಮೇಲೆ ಅಂಗೈ ಇಟ್ಟು ಆರಿಸಿದ.

"ನಾನು ಕೆಡಿಸಿಲ್ಲ, ಮಾದಪ್ಪನಾಣೆ."

"ಕರ್ಪೂರ ಯಾರ ಕೈಗೂ ಆರ್ತದೆ," ಎಂದ ರಾಮಚಂದ್ರಪ್ಪ. "ನೀರು ಸುಳ್ಳು ಹೇಳಲ್ಲ. ನಡಿ ಆಚೆ."

"ಪೋದುಂ ಭಾವ. ಸಾಕು." ಮಹದೇವ ತನ್ನ ಹತಾರಗಳನ್ನು ಗೋಣಿಚೀಲಕ್ಕೆ ತುಂಬಿಕೊಂಡ. ಅಂಗೈ ಕಪ್ಪಾಗಿತ್ತು.

ಶಶಿಕಲಾ ಲೋಟವನ್ನು ನೆಲಕ್ಕಿಟ್ಟಳು. "ನಾನೂ ನಂಗವಳ್ಳಿಗೆ, ತೌರಿಗೆ ಓಯ್ತೀನಿ. ನನ್ ತಮ್ಮ ಕಳ್ಳ ಅಲ್ಲ ಅಂತ ನಿಮ್ ನೀರು ಏಳಿದ್ ದಿನ ಬನ್ನಿ."

ಅವನು ತಡೆಯಲಿಲ್ಲ. ನಟ್ಟು ಇಳಿಸಿ ಸಮ ಮಾಡಿದ. ಅವಳು ಬಿಟ್ಟುಹೋದ ಉಗುರುಬಣ್ಣ ತಂದು, ನಟ್ಟು ಕೊಳವೆ ಎರಡಕ್ಕೂ ತಾಗುವಂತೆ ಕೆಂಪು ಗೆರೆ ಎಳೆದ. ನಟ್ಟು ಕೂದಲಷ್ಟು ತಿರುಗಿದರೂ ಗೆರೆ ಮುರಿಯಬೇಕು. ಶೆಡ್ಡಿಗೆ ಬೀಗ ಜಡಿದು ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡ.

ಶನಿವಾರ ಬೆಳಿಗ್ಗೆ ಅಳೆದ. ಎಡಬಲ ಸಮ. ಕಳ್ಳ ಹೋದ, ಮಟ್ಟ ಬಂತು. ನಂಗವಳ್ಳಿಗೆ ಈ ಮಾತನ್ನು ಯಾರ ಕೈಲಿ ಹೇಳಿಕಳಿಸಲಿ ಎಂದು ಯೋಚಿಸುತ್ತ ಪೆಟ್ರೋಲು ಹಾಕಿಸಲು ಓಮಲೂರಿಗೆ ಹೋಗಿ ಬಂದ. ಮನೆಯ ಮುಂದೆ ಜಲ್ಲಿಯ ಲಾರಿ ನಿಂತಿತ್ತು. ತಿರುಗಿಸಲು ಜಾಗವಿಲ್ಲ. ಕಾರನ್ನು ಮೂತಿ ಮುಂದಾಗಿಯೇ ಒಳಗೆ ನುಗ್ಗಿಸಿದ.

ಕಾರು ಒಯ್ಯಲು ಕೃಷ್ಣಪ್ರಸಾದರು ಬರುವುದಕ್ಕೆ ಇನ್ನೂ ಅರ್ಧ ಗಂಟೆಯಿತ್ತು. ಕೊನೆಯ ಸಲಕ್ಕೆಂದು ಟ್ಯೂಬು ಹಿಡಿದ.

ಹನ್ನೆರಡು. ಈ ಸಲ ಎಡಗಡೆ ತಗ್ಗು.

ಗೆರೆ ನೋಡಿದ. ಮುರಿದಿರಲಿಲ್ಲ. ಸೊಂಟ ಮುಟ್ಟಿದ. ಕೀಲಿ ಅಲ್ಲೇ ಇತ್ತು. ಬೆಳಿಗ್ಗೆಯಿಂದ ಕಾರು ಅವನ ಕೈ ಬಿಟ್ಟಿರಲಿಲ್ಲ. ಮತ್ತೆ ಅಳೆದ. ಹನ್ನೆರಡು. ಸಂಜೆ ನೋಡ್ವಾಗ ಎಡಗಡೆ ತಗ್ಗಿತ್ತು, ಎಂದಿದ್ದ ಮಹದೇವ.

ಏಳುವಾಗ ಮೊಣಕೈ ತಾಗಿ ಉಗುರುಬಣ್ಣದ ಶೀಶೆ ಬಿತ್ತು. ಒಡೆಯಲಿಲ್ಲ. ಸಾವಕಾಶವಾಗಿ ಉರುಳುತ್ತಾ ಕಾರಿನ ಅಡಿಯಿಂದ ಆಚೆ ಹೋಯಿತು. ದಕ್ಷಿಣದ ಗೋಡೆಯ ಬುಡದಲ್ಲಿ, ಇಟ್ಟಿಗೆ ತುರುಕಿದ ಗಂಜಲದ ಕಿಂಡಿಗೆ ತಾಗಿ ನಿಂತಿತು.

ರಾಮಚಂದ್ರಪ್ಪ ಟ್ಯೂಬನ್ನು ಕಾರಿನಿಂದ ಇಳಿಸಿದ. ಬಲಚಕ್ರದ ಪಕ್ಕ ಒಂದು ಸ್ಕೇಲು, ಎಡಚಕ್ರದ ಪಕ್ಕ ಇನ್ನೊಂದು, ಎರಡನ್ನೂ ಬರಿಯ ನೆಲದ ಮೇಲೆ ನಿಲ್ಲಿಸಿ ನೀರಿಗೆ ಕಾದ.

ಕಿಂಡಿಯ ಕಡೆಗೆ ನೆಲದ ಇಳಿಜಾರು, ಆರು ಮಿಲಿಮೀಟರ್. ಮೂತಿ ಬಾಗಿಲ ಕಡೆಗಿದ್ದಾಗ ಬಲಕ್ಕೆ ಆರು ತಗ್ಗು, ಒಳಗೋಡೆಯ ಕಡೆಗಿದ್ದಾಗ ಎಡಕ್ಕೆ ಆರು; ಒಟ್ಟು ಹನ್ನೆರಡು.