ಈ ವಾರದ ಅರ್ಥ

ಇಂಗ್ಲಿಷ್ ಪದಗಳಿಗೆ ಆ ವಾರ ಯಾವ ಅರ್ಥ ಎಂಬ ಸರ್ಕಾರಿ ಪಟ್ಟಿಯನ್ನು ಪ್ರತಿ ಸೋಮವಾರ ಗಿರಣಿಯ ಗೇಟಿಗೆ ಅಂಟಿಸುತ್ತಿದ್ದರು. ವಾರಕ್ಕೆ, ಪದಕ್ಕೆ ಒಂದೇ ಅರ್ಥ ಎಂಬುದು ಕಾನೂನು. ಹೋದ ವಾರ ‘ಆಫ್’ ಎಂದರೆ ರಜೆ ಎಂದಿತ್ತು. ನೂಲಿನ ವಿಭಾಗದ ನೀಲವ್ವ ಮಗಳ ನಿಶ್ಚಿತಾರ್ಥಕ್ಕೆಂದು ಬುಧವಾರ ಆಫ್ ಬೇಕೆಂದು ಅರ್ಜಿ ಕೊಟ್ಟಿದ್ದಳು.

ಈ ಸೋಮವಾರ ಪಟ್ಟಿಯಲ್ಲಿ, ‘ಆಫ್: ನಂದಿಸುವುದು. ದೀಪ, ಯಂತ್ರ, ಮನುಷ್ಯ’ ಎಂದಿತ್ತು. ಅವಳು ಎದ್ದೆನೋ ಬಿದ್ದೆನೋ ಎಂದು ಕಚೇರಿಗೆ ಓಡಿದಳು. ಗುಮಾಸ್ತ ಬಸಲಿಂಗಪ್ಪ ಸಹಿಯಾದ ಕಾಗದವನ್ನು ಆಗಲೇ ಮೇಜಿನ ಮೇಲಿಟ್ಟಿದ್ದ.

“ಮಂಜೂರಾಗೇತಿ ನೀಲವ್ವ. ಬುಧವಾರ ನಿನಗ ಆಫ್.”

“ನಾ ರಜಾ ಕೇಳಿದ್ನಿರಿ ಸಾಹೇಬ್ರ! ಹರದು ಒಗೀರಿ ಅದನ್ನ.”

“ಸಹಿ ಇವತ್ತ ಬಿದ್ದೈತಿ. ಸಹಿ ಬಿದ್ದ ವಾರದ ಅರ್ಥಾನ ನಡೀತೈತಿ. ಹರಿಯಾಕ ಬರಂಗಿಲ್ಲ. ಬೇಕಾದ್ರ ಹೆಸರು ಬದಲಿ ಮಾಡು,” ಎಂದು ಅವನು ದಿನವೂ ಆಡುವ ಮಾತಿನಂತೆ ಹೇಳಿ ಪೆನ್ನು ಚಾಚಿದ.

ನೀಲವ್ವ ಪೆನ್ನು ತೆಗೆದುಕೊಂಡಳು. ಬೆಳಿಗ್ಗೆ ಹೊರಡುವಾಗ ಮಗಳು ಹೊಸ ಸೀರೆಗೆ ಫಾಲ್ ಹಚ್ಚುತ್ತ ಕೂತಿದ್ದಳು. ಅಷ್ಟರಲ್ಲಿ ಬೆನ್ನ ಹಿಂದೆ ಯಾರೋ ಬಂದು ನಿಂತರು. ಮೊನ್ನೆಯಷ್ಟೇ ಕೆಲಸಕ್ಕೆ ಸೇರಿದ್ದ, ಪಟ್ಟಿ ಓದುವ ರೂಢಿ ಇನ್ನೂ ಆಗದ ಹುಡುಗಿ.

“ಆಫ್ ಸಿಕ್ಕಿತೇನ್ರಿ ಅಕ್ಕಾರ?” ಎಂದು ನಕ್ಕಳು.

ನೀಲವ್ವ ಕಾಗದದ ಮೇಲೆ ಸೆರಗು ಎಳೆದುಕೊಂಡಳು.

“ನಿನ್ನ ಪೂರ್ತಿ ಹೆಸರು ಏನವ್ವ, ತಂಗಿ?” ಎಂದು ಕೇಳಿದಳು.