ಸುಮಂಗಲಾಳಿಗೆ ಬಾರದ ಮೇಲ್

"ಈಗ ನನ್ನ ಎದುರಿಗೇ ಕಳಸ್ರಿ," ಎಂದು ಸುಮಂಗಲಾ ತನ್ನ ಫೋನನ್ನು ಮ್ಯಾನೇಜರ್ ಇನಾಮದಾರನ ಮೇಜಿನ ಮೇಲಿಟ್ಟಳು. ಖರಾಡಿಯಲ್ಲಿ ಏಳುತ್ತಿದ್ದ ಆ ಕಟ್ಟಡಕ್ಕೆ ಅವಳು ಸೂಪರ್‌ವೈಸರ್. ಲಿಫ್ಟ್ ಬಳಸಬೇಡಿ ಎಂಬ ಮೇಲ್ ಬೆಳಿಗ್ಗೆಯೇ ಹೋಗಿತ್ತು, ಅವಳು ಓದಲಿಲ್ಲ, ಅದಕ್ಕೇ ಲಿಫ್ಟ್ ಕುಸಿದು ಕೂಲಿ ಅಂಬಾದಾಸನ ಕಾಲು ಮುರಿಯಿತು ಎಂಬುದು ಇನಾಮದಾರನ ವಾದ.

ಅವನು ತನ್ನ ಕಂಪ್ಯೂಟರಿನಿಂದ ಮೇಲ್ ಕಳಿಸಿದ. ಅದರ ಪ್ರತಿಯೊಂದು ತನಗೂ ಬಂದು ಅವನ ಜೇಬಿನ ಫೋನ್ ಕೂಡಲೇ ಸದ್ದು ಮಾಡಿತು. ಅವಳದು ಐದು ನಿಮಿಷವಾದರೂ ಸುಮ್ಮನಿತ್ತು.

"ಸರ್ವರ್ ಬದಲಾದಾಗಿಂದ ಈ ಫೋನಿಗೆ ಮೇಲ್ ಬರಂಗಿಲ್ಲಂತ ಮೂರು ಸಲ ಹೇಳೀನ್ರಿ." ಅವಳು ಫೋನನ್ನು ಅವನ ಮುಂದಕ್ಕೆ ತಳ್ಳಿದಳು.

"ಹಂಗಾರ ಹೊಸಾ ಫೋನ್ ತಗೋಬೇಕಿತ್ತು."

"ಅಂಬಾದಾಸಗ ಹೊಸಾ ಕಾಲು ಎಲ್ಲಿಂದ ತರ್ಲಿ, ಹೇಳ್ರಿ?"

ಉತ್ತರಕ್ಕೆ ಕಾಯದೆ ಅವಳು ಕೆಳಗಿಳಿದಳು. ಮಧ್ಯಾಹ್ನದ ಪಾಳಿಯ ಕೂಲಿಯವರು ಇನ್ನೂ ಓಡುತ್ತಿದ್ದ ಎರಡನೆಯ ಲಿಫ್ಟಿನ ಮುಂದೆ ನಿಂತಿದ್ದರು. "ಯಾರೂ ಹತ್ತಬ್ಯಾಡ್ರಿ!" ಎಂದು ಕೂಗಿದಳು. "ಅಪಾಯ ಅದನೋ ಇಲ್ಲೋ, ಸಾಹೇಬ್ರು ಇಲ್ಲಿಗೇ ಬಂದು ಬಾಯಿಲೆ ಹೇಳ್ಲಿ. ಅಲ್ಲೀತನಕ ಕೆಲಸ ಬಂದ್!"

ಗಾರೆ ಹೊರುವ ಯಂಕವ್ವ ತಲೆಯ ಮೇಲಿನ ಬುಟ್ಟಿ ಇಳಿಸಿ ನೆಲಕ್ಕೆ ಕುಳಿತಳು. ಒಬ್ಬೊಬ್ಬರಾಗಿ ಎಲ್ಲರೂ ಕುಳಿತರು. ಸ್ವಲ್ಪ ಹೊತ್ತಿಗೆ ಇನಾಮದಾರ ತಾನೇ ಮೆಟ್ಟಿಲಿಳಿದು ಬಂದ.